ಪುಟ್ಟ ವಿಮಾನಕ್ಕೆ ಒಬ್ಬರು ಹೆಚ್ಚು

ಬ್ರಿಕ್‌ಫೀಲ್ಡ್ಸ್, ಕೌಲಾಲಂಪುರ
೨ ಮಾರ್ಚ್ ೨೦೨೫

ಚಿರಂಜೀವಿ ನವ್ಯಾಳಿಗೆ ದಾಮು ಮಾವನ ಆಶೀರ್ವಾದ.

ಇಲ್ಲಿ ನಾವೆಲ್ಲ ಎರಡು ಹೊತ್ತು ಉಂಡು, ನಾಲ್ಕು ಹೊತ್ತು ಕಾಫಿ ಕುಡಿದು ಗಟ್ಟಿಮುಟ್ಟಾಗಿದ್ದೇವೆ. ನೀನು ಆ ಬೋಟ್ಸ್ವಾನಾದಲ್ಲಿ ದನಗಳ ಡಾಕ್ಟರಾಗಿ ಏನು ತಿನ್ನುತ್ತೀಯೋ, ಯಾರು ಬಡಿಸುತ್ತಾರೋ ಎಂಬುದೊಂದೇ ನನ್ನ ಚಿಂತೆ.

ಈ ಕಾಗದವನ್ನು ಅನಿಕೇತ್ ಫೋಟೋ ಹಿಡಿದು ನಿನಗೆ ಕಳಿಸುತ್ತಾನೆ. ಅವನು ಸೈಬರ್‌ಜಯಾದಿಂದ ಮನೆಗೆ ಬರುವುದು ಭಾನುವಾರ ಮಾತ್ರ. "ಪಪ್ಪಾ, ಜಸ್ಟ್ ವಾಯ್ಸ್ ನೋಟ್ ಕಳಿಸಿ ಲಾ" ಅನ್ನುತ್ತಾನೆ ನನ್ನ ಮಗರಾಯ. ಬಾಯಲ್ಲಿ ಹೇಳಹೊರಟರೆ ನಿನ್ನ ಜಲಜತ್ತೆ ಮಧ್ಯೆ ಬಾಯಿ ಹಾಕುತ್ತಾಳೆ. ಬರೆಯುವಾಗ ನಾನೇ ರಾಜ.

ಈಗ ಮುಖ್ಯ ವಿಷಯ. ಜುಲೈಯಲ್ಲಿ ನಮ್ಮ ಬ್ರಿಕ್‌ಫೀಲ್ಡ್ಸ್ ಕನ್ನಡಿಗರ ತಂಡವೊಂದು ನಿಮ್ಮ ದೇಶಕ್ಕೆ ಸಫಾರಿಗೆ ಬರುತ್ತಿದೆ. ಸಿಂಗಾಪುರ, ಅಲ್ಲಿಂದ ಜೊಹಾನ್ಸ್‌ಬರ್ಗ್, ಅಲ್ಲಿಂದ ನಿನ್ನ ಮಾವುನ್ ಊರು, ಅಲ್ಲಿಂದ ಪುಟ್ಟ ವಿಮಾನದಲ್ಲಿ ಕಾಡಿನ ನಡುವಿನ ಕ್ಯಾಂಪು. ತಂಡಕ್ಕೆ ಒಬ್ಬ ನಾಯಕ ಬೇಕಲ್ಲ, ಎಲ್ಲರೂ ಒಂದೇ ಬಾಯಲ್ಲಿ ನನ್ನ ಹೆಸರು ಹೇಳಿದರು. ಮೊದಲು ಹೇಳಿದ್ದು ನಾನು. ನಾನು, ನಿನ್ನ ಅತ್ತೆ, ಕೊಡಗಿನ ತಿಮ್ಮಯ್ಯ, ಅವನ ಹೆಂಡತಿ ತುಳಸಿ, ಮತ್ತೆ ರಾಧಾಕೃಷ್ಣ ಅಂತ ಒಬ್ಬರು ರಿಟೈರ್ಡ್ ಬ್ಯಾಂಕಿನವರು. ಅವರ ಪರಿಚಯ ನಿನಗಿಲ್ಲ.

ಕಾಡು ನನಗೆ ಹೊಸದಲ್ಲ. ಇಲ್ಲಿನ ತಮನ್ ನೆಗಾರ ಕಾಡಿನಲ್ಲಿ ಆನೆ ಎದುರು ಬಂದಾಗ ನಾನು ಒಂದು ಸಲ ಕೆಮ್ಮಿದೆ, ಅದು ದಾರಿ ಬಿಟ್ಟುಕೊಟ್ಟಿತು. ಆದರೂ ಊರಿನ ಶಾಲೆಯಲ್ಲಿ ಏಳನೇ ಕ್ಲಾಸಿಗೆ ಮುಗಿಸಿದವನು ನಾನು, ತಿಳಿದವರನ್ನು ಕೇಳುವುದಕ್ಕೆ ಸಂಕೋಚವಿಲ್ಲ. ಏನು ತರಬೇಕು, ಏನು ತರಬಾರದು, ಎಲ್ಲ ಬರೆ.

ನಿನ್ನ ಅಪ್ಪ ಹೇಗಿದ್ದಾರೆ ಅಂತ ನೀನು ಕೇಳುವುದಿಲ್ಲ. ಆದರೂ ಹೇಳುತ್ತೇನೆ. ಯಜ್ಞನಾರಾಯಣ ಭಾವ ಬಾಂಗ್ಸಾರಿನ ಮನೆಯಲ್ಲಿ ಪೇಪರು ಹಿಡಿದು ಕೂತಿರುತ್ತಾರೆ. ಮೆಡಿಕಲ್ ಕಾಲೇಜಿನಲ್ಲಿ ಅಷ್ಟು ವರ್ಷ ಅನಾಟಮಿ ಹೇಳಿಕೊಟ್ಟವರು, ಈಗ ಏನು ಕೇಳಿದರೂ "ಆಯ್ತು" ಅನ್ನುತ್ತಾರೆ. ಊಟಕ್ಕೆ ಬನ್ನಿ, ಆಯ್ತು. ಮನೆಗೆ ಬೆಂಕಿ ಬಿದ್ದಿದೆ, ಆಯ್ತು. ನೀನು ಅವರ ಕಾಲೇಜು ಬಿಟ್ಟು ದನಗಳ ಡಾಕ್ಟರಿಕೆಗೆ ಸೇರಿದ ವರ್ಷದಿಂದ ಹೀಗೆ. ನೀನು ಫೋನ್ ಮಾಡಿದಾಗೆಲ್ಲ ಅವರು ಬಚ್ಚಲುಮನೆಯಲ್ಲಿರುತ್ತಾರೆ ಅಂತ ನಿನ್ನ ಅಮ್ಮ, ನಮ್ಮ ದೇವಕಿ ಅಕ್ಕ ಹೇಳುತ್ತಾಳಲ್ಲ, ಅಷ್ಟು ಶುಚಿಯಾದ ಮನುಷ್ಯ ಮಲೇಶಿಯಾದಲ್ಲೇ ಇಲ್ಲ.

ನಿನ್ನ
ದಾಮು ಮಾವ

ಆನೆ ಬಂದದ್ದು ನಿಜ. ಇವರು ಬಸ್ಸಿನೊಳಗೆ ಇದ್ದದ್ದೂ ನಿಜ. — ಜಲಜತ್ತೆ


ಮಾವುನ್
೯ ಮಾರ್ಚ್ ೨೦೨೫

ಪ್ರೀತಿಯ ದಾಮು ಮಾವ,

ನಿಮ್ಮ ಕಾಗದ ಓದಿ ಕ್ಲಿನಿಕ್ಕಿನಲ್ಲಿ ಒಬ್ಬಳೇ ನಕ್ಕೆ. ಹೊರಗೆ ಕಾಯುತ್ತಿದ್ದ ನಾಯಿಯೊಂದು ಒಳಗೆ ಇಣುಕಿ ನೋಡಿತು.

ನಾಯಕರಿಗೆ ಸೂಚನೆಗಳು. ದಯವಿಟ್ಟು ಪೂರ್ತಿ ಓದಿ.

ಚಕ್ರದ ಗಟ್ಟಿ ಸೂಟ್‌ಕೇಸ್ ಬೇಡವೇ ಬೇಡ. ಕಾಡಿಗೆ ಹೋಗುವ ವಿಮಾನದ ಹೊಟ್ಟೆ ತುಂಬಾ ಚಿಕ್ಕದು, ಅದರೊಳಗೆ ತುರುಕಲು ಮೆತ್ತನೆಯ ಬಟ್ಟೆಚೀಲವೇ ಆಗಬೇಕು. ಜುಲೈ ಅಂದರೆ ಇಲ್ಲಿ ಚಳಿಗಾಲ. ಆಫ್ರಿಕಾ ಅಂದರೆ ಬಿಸಿಲು ಅಂತ ಬರೀ ಹತ್ತಿ ಅಂಗಿ ತಂದರೆ ಬೆಳಗಿನ ಜೀಪಿನಲ್ಲಿ ಹಲ್ಲು ಕಟಕಟ ಅನ್ನುತ್ತದೆ. ಸ್ವೆಟರು, ಕಿವಿ ಮುಚ್ಚುವ ಟೊಪ್ಪಿ, ಅದರ ಮೇಲೊಂದು ಜಾಕೆಟ್ಟು. ಮಧ್ಯಾಹ್ನಕ್ಕೆ ಒಂದೊಂದೇ ಕಳಚುತ್ತಾ ಬನ್ನಿ. ಬಣ್ಣ ಕಂದು, ಮಣ್ಣು, ಒಣಹುಲ್ಲು ಇಂಥದ್ದಿರಲಿ. ಕಡುನೀಲಿ ಮತ್ತು ಕಪ್ಪು ಬಟ್ಟೆಗೆ ಇಲ್ಲಿನ ಕಚ್ಚುವ ನೊಣಗಳು ಹುಡುಕಿಕೊಂಡು ಬರುತ್ತವೆ. ಮಿಲಿಟರಿ ಚಿತ್ತಾರದ ಬಟ್ಟೆ ಬೇಡ, ಸುತ್ತಲಿನ ಕೆಲವು ದೇಶಗಳಲ್ಲಿ ಅದು ಅಪರಾಧ.

ಜೀಪಿನಲ್ಲಿ ಎದ್ದು ನಿಲ್ಲಬಾರದು. ಕೂತಿದ್ದರೆ ಸಿಂಹಕ್ಕೆ ನೀವೆಲ್ಲ ಸೇರಿ ಒಂದೇ ದೊಡ್ಡ ಪ್ರಾಣಿ, ನಿಂತರೆ ಬಿಡಿ ಬಿಡಿ ಮನುಷ್ಯರು. ಕತ್ತಲಾದ ಮೇಲೆ ಟೆಂಟಿನಿಂದ ಒಬ್ಬೊಬ್ಬರೇ ಹೊರಗೆ ಬರಬಾರದು. ಟೆಂಟಿನಲ್ಲಿ ಕಿತ್ತಳೆ, ಬಾಳೆಹಣ್ಣು ಇಟ್ಟುಕೊಳ್ಳಬೇಡಿ, ಆನೆ ಮೂಗು ನಿಮ್ಮದಕ್ಕಿಂತ ಉದ್ದ. ತುಪ್ಪ, ಹಾಲಿನ ಸಿಹಿ ತರಬೇಡಿ. ದನಗಳ ಕಾಲುಬಾಯಿ ರೋಗದ ಭಯಕ್ಕೆ ಇಲ್ಲಿ ಅಂಥದ್ದನ್ನೆಲ್ಲ ಕಿತ್ತುಕೊಳ್ಳುತ್ತಾರೆ. ದಾರಿಯಲ್ಲಿ ಅಲ್ಲಲ್ಲಿ ಚಪ್ಪಲಿ ಸಮೇತ ಔಷಧದ ನೀರಿನಲ್ಲಿ ಕಾಲಿಟ್ಟು ನಡೆಯಲು ಹೇಳುತ್ತಾರೆ, ವಾದ ಮಾಡಬೇಡಿ. ಮಲೇರಿಯಾ ಮಾತ್ರೆಯ ವಿಷಯ ನಿಮ್ಮ ಡಾಕ್ಟರನ್ನು ಕೇಳಿ, ನನ್ನನ್ನಲ್ಲ. ನಾನು ಬರೆದರೆ ಡೋಸು ಎತ್ತಿನ ಲೆಕ್ಕದಲ್ಲಿರುತ್ತದೆ.

ಎಲ್ಲಕ್ಕಿಂತ ಮುಖ್ಯ: ಪ್ರತಿಯೊಬ್ಬರ ದೇಹದ ತೂಕ, ಬಟ್ಟೆ ಚಪ್ಪಲಿ ಸಮೇತ, ಕಂಪನಿಯವರಿಗೆ ನಿಜ ಹೇಳಬೇಕು. ಐದು ಸೀಟಿನ ವಿಮಾನ ಅದು. ತೂಕ ತಪ್ಪಿದರೆ ಪೈಲಟ್ ಮುಲಾಜಿಲ್ಲದೆ ಒಬ್ಬರನ್ನು ಇಳಿಸುತ್ತಾರೆ.

ಅಪ್ಪನ ವಿಷಯ ಬರೆದಿರಿ. ಓದಿದೆ.

ನಿಮ್ಮ
ನವ್ಯಾ


ಬ್ರಿಕ್‌ಫೀಲ್ಡ್ಸ್
೨೩ ಮಾರ್ಚ್ ೨೦೨೫

ಮಗಳೇ ನವ್ಯಾ,

ನಿನ್ನ ಸೂಚನೆಗಳನ್ನು ನಮ್ಮ ದಿನಸಿ ಅಂಗಡಿಯಲ್ಲಿ ಎಲ್ಲರನ್ನೂ ಕೂರಿಸಿ, ನಾನೇ ಬರೆದ ಹಾಗೆ ಗಟ್ಟಿಯಾಗಿ ಓದಿ ಹೇಳಿದೆ. ತುಳಸಿ ಆಗಲೇ ಕೆಂಪು ಬಣ್ಣದ ಚಕ್ರದ ಪೆಟ್ಟಿಗೆ ತಂದಿಟ್ಟಿದ್ದಳು. ಮೆತ್ತನೆ ಚೀಲ ಅಂದ ಕೂಡಲೇ ಗಂಡನ ಕಡೆ ತಿರುಗಿ, "ನೋಡಿ, ನಾನು ಮೊದಲೇ ಹೇಳಿದ್ದೆ" ಅಂದಳು. ತಿಮ್ಮಯ್ಯ, "ಏನು ಹೇಳಿದ್ದೆ?" ಅಂದ. ಅವಳಿಗೂ ಗೊತ್ತಿರಲಿಲ್ಲ.

ಚಳಿಯ ವಿಷಯ ನಾನು ನಂಬುವುದಿಲ್ಲ. ಭೂಗೋಳದ ಮೇಷ್ಟ್ರು ಆಫ್ರಿಕಾದ ಪಟವನ್ನು ಹಳದಿ ಬಣ್ಣದಲ್ಲೇ ಬರೆಸಿದ್ದರು, ಹಳದಿ ಅಂದರೆ ಬಿಸಿಲು. ಆದರೂ ನಿನ್ನ ಮಾತಿಗೆ ಮರ್ಯಾದೆ ಕೊಟ್ಟು ಒಂದು ಸ್ವೆಟರು ತರುತ್ತೇನೆ. ಕಿತ್ತಳೆ ಬಿಟ್ಟೆ, ತುಪ್ಪ ಬಿಟ್ಟೆ. ಉಪ್ಪಿನಕಾಯಿಯ ಹೆಸರು ನೀನು ಎತ್ತಿಲ್ಲ, ಹಾಗಾಗಿ ಅದು ಬರುತ್ತದೆ.

ಇನ್ನು ರಾಧಾಕೃಷ್ಣರ ಪರವಾಗಿ ಕೆಲವು ಪ್ರಶ್ನೆ. ನಾಚಿಕೆಯ ಮನುಷ್ಯ, ತಾವಾಗಿ ಕೇಳುವುದಿಲ್ಲ. ಅವರಿಗೆ ಬಿ.ಪಿ. ಉಂಟು, ಎಡಮಂಡಿ ಮಡಚಲು ಕಷ್ಟ. ಜೀಪು ಹತ್ತಲು ಏಣಿ ಇರುತ್ತದೆಯೋ? ರಾತ್ರಿ ಎರಡು ಸಲ ಏಳುವ ಅಭ್ಯಾಸದವರು ಟೆಂಟಿನಲ್ಲಿ ಏನು ಮಾಡಬೇಕು? ಬೆಳ್ಳುಳ್ಳಿ ಇಲ್ಲದ ಊಟ ಸಿಗುತ್ತದೆಯೋ? ಕೊನೆಯದಾಗಿ, ಅಲ್ಲಿನ ದನಗಳಿಗೆ ಏನೇನು ಕಾಯಿಲೆ ಬರುತ್ತದೆ, ಅದಕ್ಕೆ ಡಾಕ್ಟರುಗಳು ಎಷ್ಟು ದೂರ ಹೋಗಬೇಕು, ಒಬ್ಬೊಬ್ಬರೇ ಹೋಗುತ್ತಾರೋ ಜೊತೆಗೆ ಯಾರಾದರೂ ಇರುತ್ತಾರೋ? ಬ್ಯಾಂಕಿನವರಿಗೆ ಇದೆಲ್ಲ ಯಾಕೆ ಅಂತ ನನಗೂ ಗೊತ್ತಿಲ್ಲ. ಕೆಲವರಿಗೆ ತಿಳಿದುಕೊಳ್ಳುವ ಚಟ.

ಜುಲೈ ೧೨ಕ್ಕೆ ಮಾವುನ್ ವಿಮಾನ ನಿಲ್ದಾಣದಲ್ಲಿ ನಮಗೆ ಒಂದು ಗಂಟೆ ಬಿಡುವಿದೆ. ನೀನು ಬಂದೇ ಬರುತ್ತೀಯ ಅಂತ ಲೆಕ್ಕ ಹಾಕಿದ್ದೇನೆ.

ದಾಮು ಮಾವ


ಮಾವುನ್
೬ ಏಪ್ರಿಲ್ ೨೦೨೫

ಪ್ರೀತಿಯ ಮಾವ,

ರಾಧಾಕೃಷ್ಣರಿಗೆ ಉತ್ತರ.

ಜೀಪಿಗೆ ಮೆಟ್ಟಿಲು ಇರುತ್ತದೆ, ಆದರೆ ಎತ್ತರ. ಮೊದಲು ಬಲಗಾಲು ಇಟ್ಟು, ಎಡಗಾಲನ್ನು ಮಡಚದೆ ಎಳೆದುಕೊಂಡರೆ ಮಂಡಿ ನೋಯುವುದಿಲ್ಲ. ಹಿಂದಿನ ಸಾಲು ತುಂಬಾ ಕುಲುಕುತ್ತದೆ, ಅವರನ್ನು ಡ್ರೈವರ್ ಹಿಂದಿನ ಸಾಲಿನಲ್ಲಿ ಕೂರಿಸಿ. ಅವರು ಬೇಡ ಅನ್ನುತ್ತಾರೆ, ಕೇಳಬೇಡಿ. ಟೆಂಟಿನ ಹಿಂಭಾಗದಲ್ಲೇ ಬಚ್ಚಲು ಇರುತ್ತದೆ, ಹೊರಗೆ ಹೋಗಬೇಕಿಲ್ಲ. ಊಟಕ್ಕೆ ನಾನು ಕ್ಯಾಂಪಿನವರಿಗೆ ಹೇಳಿಡುತ್ತೇನೆ. ಸಂಜೆಯ ಬಿ.ಪಿ. ಮಾತ್ರೆಯನ್ನು ನಾಲ್ಕು ಜನರ ಎದುರು ನುಂಗಲು ನಾಚಿ ಜೇಬಿನಲ್ಲೇ ಇಟ್ಟುಕೊಳ್ಳಬಹುದು. ನೆನಪು ಮಾಡಿ, ಆದರೆ ಎಲ್ಲರ ಮುಂದೆ ಅಲ್ಲ.

ದನಗಳಿಗೆ ಕಾಲುಬಾಯಿ ರೋಗ, ಉಣ್ಣೆ ಜ್ವರ, ಬರಗಾಲದ ಹಸಿವು. ಕೆಲವು ಸಲ ಅರ್ಧ ದಿನದ ದಾರಿ. ಹೆಚ್ಚಾಗಿ ಒಬ್ಬಳೇ. ಗಾಡಿಯಲ್ಲಿ ನೀರು, ಹೆಚ್ಚಿನ ಟಯರು, ರೇಡಿಯೋ ಇರುತ್ತದೆ. ಭಯಪಡುವಂಥದ್ದೇನಿಲ್ಲ ಅಂತ ಹೇಳಿ.

ಮಾವ, ನಾನು ಏರ್‌ಪೋರ್ಟಿಗೆ ಬರಲು ಆಗುವುದಿಲ್ಲ. ಜುಲೈಯಲ್ಲಿ ಘಾಂಜಿ ಕಡೆ ಲಸಿಕೆ ಹಾಕುವ ಕೆಲಸವಿದೆ. ತುಂಬಾ ದೂರ. ಬೇಸರ ಮಾಡಿಕೊಳ್ಳಬೇಡಿ.

ನವ್ಯಾ


ಬ್ರಿಕ್‌ಫೀಲ್ಡ್ಸ್
೪ ಮೇ ೨೦೨೫

ನವ್ಯಾ,

ಬೇಸರವೇ? ನನಗೆಂಥ ಬೇಸರ. ನಾವು ಬರುವುದು ಸಿಂಹ ನೋಡಲು, ನಿನ್ನನ್ನಲ್ಲ. ನಿನ್ನನ್ನು ಚಡ್ಡಿ ಹಾಕದ ಕಾಲದಿಂದ ನೋಡಿದ್ದೇನೆ.

ರಾಧಾಕೃಷ್ಣರಿಗೆ ನಿನ್ನ ಉತ್ತರ ಓದಿ ಹೇಳಿದೆ. ಮಂಡಿಯ ಮಾತು ಬಂದಾಗ ಅವರು ಎಡಮಂಡಿಯನ್ನು ಒಮ್ಮೆ ಮುಟ್ಟಿ ನೋಡಿಕೊಂಡರು. ಜನರನ್ನು ನೋಡದೆಯೇ ಇಷ್ಟು ಕರಾರುವಾಕ್ಕಾಗಿ ಹೇಳುತ್ತೀಯಲ್ಲ, ದೊಡ್ಡ ಡಾಕ್ಟರೇ ಆಗಿದ್ದೀಯ ಮಾರಾಯ್ತಿ! ನೀನು ಏರ್‌ಪೋರ್ಟಿಗೆ ಬರುವುದಿಲ್ಲ ಅಂತಲೂ ಓದಿದೆ. ಅವರು "ಆಯ್ತು" ಅಂದು ಪೇಪರು ಬಿಡಿಸಿದರು. ಕಾಫಿ ತಣ್ಣಗಾಗುವವರೆಗೂ ಅದೇ ಪುಟ.

ಮೊನ್ನೆ ತೂಕ ನೋಡುವ ಕಾರ್ಯಕ್ರಮ ಇಟ್ಟುಕೊಂಡೆ. ಹೊರಗೆಲ್ಲ ಯಾಕೆ ಹೋಗುವುದು? ನಮ್ಮ ಅಂಗಡಿ ಬಾಗಿಲಲ್ಲಿ ಅಕ್ಕಿಮೂಟೆಯ ಹಳೇ ತಕ್ಕಡಿ ಉಂಟಲ್ಲ, ಈಗ ವ್ಯಾಪಾರಕ್ಕೆ ಬಳಸುವುದಿಲ್ಲ, ಜನ ಹತ್ತಿ ಇಳಿದು ಖುಷಿಪಡುತ್ತಾರೆ. ತುಳಸಿ ಹತ್ತಿದಳು. ಮುಳ್ಳು ನೋಡಿ ಕಿರುಚಿದಳು: "ಏಳು ತಿಂಗಳ ವಾಕಿಂಗ್ ಫಲ ಕೊಟ್ಟಿತು ನೋಡಿ!"

ತಿಮ್ಮಯ್ಯ ಅಂದ, "ನೀನು ಎಲ್ಲಿ ವಾಕಿಂಗ್ ಹೋದದ್ದು? ಮಾಮಕ್ ಅಂಗಡಿಗೆ ರೋಟಿ ಚನಾಯ್ ತಪಾವ್ ಮಾಡ್ಲಿಕ್ಕೆ, ಕಟ್ಟಿಸಿಕೊಂಡು ತರ್ಲಿಕ್ಕೆ ಹೋದದ್ದು."

"ನಡೆದೇ ಹೋದದ್ದಲ್ವಾ?"

ತಿಮ್ಮಯ್ಯನದೂ ಇಳಿದಿತ್ತು, ನಿನ್ನ ಅತ್ತೆಯದೂ ಇಳಿದಿತ್ತು. ನನ್ನ ಸರದಿ ಬಂದಾಗ ನಾನು ಉಸಿರು ಒಳಗೆಳೆದು ನಿಂತೆ, ಮದುವೆಯ ದಿನ ಇದ್ದಷ್ಟೇ ತೂಕ! ರಾಧಾಕೃಷ್ಣರು ಮಾತ್ರ ಕೈಯಲ್ಲಿ ಛತ್ರಿ ಹಿಡಿದೇ ಹತ್ತಿದರು. "ಛತ್ರಿ ಇಡಿ" ಅಂದೆ. "ಅಲ್ಲಿಗೂ ತರ್ತೇನಲ್ಲ, ಅದೂ ಸೇರಲಿ" ಅಂದರು. ಪ್ರಾಮಾಣಿಕ ಮನುಷ್ಯ. ಎಲ್ಲ ತೂಕವನ್ನೂ ಕಂಪನಿಗೆ ಕಳಿಸಿಯಾಯಿತು.

ದಾಮು ಮಾವ


ಮಾವುನ್
೧೫ ಮೇ ೨೦೨೫

ಮಾವ,

ಆ ತಕ್ಕಡಿಯ ಮೇಲೆ ನಾನು ಹೈಸ್ಕೂಲಿನಲ್ಲಿ ಪ್ರತಿ ಶನಿವಾರ ಹತ್ತುತ್ತಿದ್ದೆ. ಅದು ಯಾರನ್ನೂ ನೋಯಿಸುವುದಿಲ್ಲ ಅಂತ ಬ್ರಿಕ್‌ಫೀಲ್ಡ್ಸ್‌ಗೇ ಗೊತ್ತು, ನಿಮಗೂ ಗೊತ್ತು. ದಯವಿಟ್ಟು ಇನ್ನೊಮ್ಮೆ ಸರಿಯಾಗಿ ತೂಗಿ ಕಳಿಸಿ.

ಇನ್ನೊಂದು. ರಾಧಾಕೃಷ್ಣರು "ಆಯ್ತು" ಅಂದರಂತೆ. ಮಾವ, ನಾನು ದನಗಳ ಡಾಕ್ಟರು, ದಡ್ಡಿಯಲ್ಲ. ಎಡಮಂಡಿ ಅಂದಾಗಲೇ ಅನುಮಾನ ಬಂತು. ಬ್ಯಾಂಕಿನವರು ದನದ ಕಾಯಿಲೆ ಕೇಳಿದಾಗ ಖಾತ್ರಿಯಾಯಿತು.

ಅಪ್ಪ ಬರುತ್ತಿದ್ದಾರೆ ಅಂತ ಗೊತ್ತಾಗಿ ಎರಡು ದಿನ ನನಗೆ ಕೆಲಸವೇ ಓಡಲಿಲ್ಲ. ನಾನು ಕಾಲೇಜು ಬಿಡುತ್ತೇನೆ ಅಂದ ದಿನ ಅವರ ಸಹೋದ್ಯೋಗಿಗಳು ಊಟಕ್ಕೆ ಬಂದಿದ್ದರಲ್ಲ, ನೀವೂ ಇದ್ದಿರಿ. "ಮನುಷ್ಯರ ಡಾಕ್ಟರಾಗೋದು ಕಷ್ಟ ಅನ್ನೋರಿಗೆ ದನಗಳಿವೆ" ಅಂದರು ಅಪ್ಪ. ಎಲ್ಲರೂ ನಕ್ಕರು. ನಾನೂ ನಕ್ಕೆ. ಈಗ ಒಂದು ಗಂಟೆ ಏರ್‌ಪೋರ್ಟಿನಲ್ಲಿ, ಸುತ್ತ ನೀವೆಲ್ಲ, ಮಧ್ಯೆ ನಾನು ಈ ಧೂಳು ಬೂಟಿನಲ್ಲಿ. ಅವರು ನನ್ನನ್ನು ನೋಡಿ ಮತ್ತೆ "ಆಯ್ತು" ಅಂದುಬಿಟ್ಟರೆ? ಅದನ್ನು ಹೊತ್ತುಕೊಂಡು ನಾನು ಇಲ್ಲೇ ಬದುಕಬೇಕು. ದೂರದಲ್ಲಿದ್ದರೆ ಇನ್ನೂ ಏನೋ ಬಾಕಿ ಇದೆ ಅನ್ನಿಸುತ್ತದೆ.

ಹಾಗಾಗಿ ನಾನು ಬರುವುದಿಲ್ಲ. ನನಗೆ ಗೊತ್ತಾಗಿದೆ ಅಂತ ಅವರಿಗೆ ಹೇಳಬೇಡಿ. ಕಿವಿ ಮುಚ್ಚುವ ಟೊಪ್ಪಿ ಮಾತ್ರ ಮರೆಯದೆ ಹಾಕಿಸಿ, ಅವರಿಗೆ ಚಳಿಗೆ ಕಿವಿ ನೋಯುತ್ತದೆ.

ನವ್ಯಾ


ಒಕವಾಂಗೊ, ಕಾಡಿನ ಕ್ಯಾಂಪು
೧೨ ಜುಲೈ ೨೦೨೫, ಸಂಜೆ

ಮಗಳೇ,

ಮೇ ತಿಂಗಳ ನಿನ್ನ ಕಾಗದಕ್ಕೆ ನಾನು ಉತ್ತರ ಬರೆಯಲಿಲ್ಲ. ಬೈಯುವುದಾದರೆ ಮುಂದಿನದನ್ನು ಓದಿದ ಮೇಲೆ ಒಟ್ಟಿಗೆ ಬೈಯಿ. ಇಲ್ಲಿ ಫೋನು ಹಿಡಿಯುವುದಿಲ್ಲ. ಬೆಳಿಗ್ಗೆ ಹೊರಡುವ ಪೈಲಟ್ ಹುಡುಗಿಯ ಕೈಯಲ್ಲಿ ಇದನ್ನು ಕಳಿಸುತ್ತಿದ್ದೇನೆ.

ಇವತ್ತು ಮಾವುನ್‌ನಲ್ಲಿ ಇಳಿದೆವು. ಅಲ್ಲಿ ಈ ಹುಡುಗಿ ನಮ್ಮನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿ, ಒಳಗಿನಿಂದ ಒಂದು ತೂಕದ ಯಂತ್ರ ತಂದು ನೆಲದ ಮೇಲಿಟ್ಟಳು. ಒಬ್ಬೊಬ್ಬರಾಗಿ ಹತ್ತಿದೆವು. ಅವಳ ಮುಖ ಸಣ್ಣದಾಗುತ್ತಾ ಹೋಯಿತು.

"ದಾಮೋದರ, ನಿನ್ನ ತಕ್ಕಡಿ ನಮ್ಮ ಮರ್ಯಾದೆ ತೆಗೆಯಿತು" ಅಂದ ತಿಮ್ಮಯ್ಯ.

"ಎರಡು ದಿನದಿಂದ ವಿಮಾನದಲ್ಲಿ ಕೊಟ್ಟದ್ದೆಲ್ಲ ತಿಂದರೆ ಇನ್ನೇನಾಗ್ತದೆ" ಅಂದಳು ತುಳಸಿ. ಪಾಪ, ಅವಳಿಗೆ ಅಳುವೇ ಬಂದಿತ್ತು.

ಪೈಲಟ್ ಅಂದಳು: ಒಬ್ಬರು ಇಳಿಯಬೇಕು, ಮುಂದಿನ ವಿಮಾನ ನಾಳೆ ಬೆಳಿಗ್ಗೆ. ಉಪ್ಪಿನಕಾಯಿ ಭರಣಿ ಇಳಿಸಿದೆವು, ಸಾಲಲಿಲ್ಲ. ತಿಮ್ಮಯ್ಯನ ಬೈನಾಕ್ಯುಲರ್ ಇಳಿಸಿದೆವು, ಸಾಲಲಿಲ್ಲ. ಎಲ್ಲರೂ ನನ್ನ ಹೊಟ್ಟೆಯ ಕಡೆ ನೋಡತೊಡಗಿದರು. "ಇವರನ್ನು ಬಿಟ್ಟು ಹೋಗುವ, ಎರಡು ಜನರ ಜಾಗ ಆಗ್ತದೆ" ಅಂತ ನಿನ್ನ ಅತ್ತೆ ನಾಚಿಕೆಯಿಲ್ಲದೆ ಹೇಳಿದಳು. ನಾನು ಸರಸರ ವಿಮಾನ ಹತ್ತಿ, ಬೆಲ್ಟು ಬಿಗಿದು, ನಾಯಕನಾದವನು ತಂಡವನ್ನು ಬಿಟ್ಟಿರಲಾಗದು ಅಂತ ಘೋಷಿಸಿದೆ.

ಆಗ ಭಾವ ಅಂದರು, "ನಾನಿರ್ತೇನೆ."

ಅಷ್ಟೇ. ಛತ್ರಿ, ಚೀಲ ತೆಗೆದುಕೊಂಡು ಬೇಲಿಯ ಪಕ್ಕ ಹೋಗಿ ನಿಂತರು. ಮೇಲೇರುವಾಗ ಕಿಟಕಿಯಿಂದ ನೋಡಿದೆ. ಅಷ್ಟು ದೊಡ್ಡ ಬಯಲಿನಲ್ಲಿ ಛತ್ರಿ ಹಿಡಿದ ಒಬ್ಬ ಮನುಷ್ಯ, ಹೆದರದ ಹಾಗೆ ನಟಿಸುತ್ತಾ ನಿಂತಿದ್ದರು.

ಇದೆಲ್ಲ ನನ್ನದೇ ಉಪಾಯ ಅಂತ ದಾರಿಯುದ್ದಕ್ಕೂ ಇವರಿಗೆ ಹೇಳಿಕೊಂಡು ಬಂದೆ. ತಕ್ಕಡಿ ಸುಳ್ಳು ಹೇಳುತ್ತದೆ, ವಿಮಾನಕ್ಕೆ ಒಬ್ಬರು ಹೆಚ್ಚಾಗುತ್ತಾರೆ, ಭಾವನನ್ನು ಹೇಗಾದರೂ ಮಾವುನ್‌ನಲ್ಲಿ ಉಳಿಸುತ್ತೇನೆ, ಎಲ್ಲ ಮೊದಲೇ ಎಣಿಸಿದ್ದೆ. ನಿನಗೆ ಮಾತ್ರ ನಿಜ ಹೇಳುತ್ತೇನೆ, ಅಲ್ಲಿಯವರೆಗೇ ಎಣಿಸಿದ್ದು. ನೀನು ಘಾಂಜಿಯಲ್ಲಿದ್ದರೆ ಅವರು ಎಲ್ಲಿ ಮಲಗುತ್ತಾರೆ, ಏನು ತಿನ್ನುತ್ತಾರೆ ಅಂತ ಎಣಿಸಿರಲೇ ಇಲ್ಲ. ವಿಮಾನ ಹತ್ತುವ ಮೊದಲೇ ಕೌಂಟರಿನ ಹುಡುಗಿಗೆ ನಿನ್ನ ನಂಬರು ಕೊಟ್ಟಿದ್ದೆ. ನೀನು ಎತ್ತಿದೆಯೋ ಇಲ್ಲವೋ. ಇಲ್ಲಿ ಎದುರಿನ ನೀರಿನಲ್ಲಿ ಆನೆಗಳು ನಿಂತಿವೆ, ಎಲ್ಲರೂ ಫೋಟೋ ತೆಗೆಯುತ್ತಿದ್ದಾರೆ. ನನಗೆ ಊಟ ಇಳಿಯಲಿಲ್ಲ.

ಸಂಜೆಯ ಮಾತ್ರೆ ನುಂಗಿದರೋ ಇಲ್ಲವೋ.

ದಾಮು

ಊಟ ಇಳಿಯಲಿಲ್ಲ ಅನ್ನುವುದು ಈ ಸಲ ನಿಜ. ಆನೆಗಳಿಗೆ ಬೆನ್ನು ಹಾಕಿ ಕೂತು ಬರೆಯುತ್ತಿದ್ದಾರೆ. ಭಾವನ ವಿಷಯ ತಿಳಿದರೆ ಎರಡು ಗೆರೆ ಬರೆದು ಕಳಿಸು ಮಗಾ. — ಜಲಜತ್ತೆ


ಮಾವುನ್
೧೪ ಜುಲೈ ೨೦೨೫

ಪ್ರೀತಿಯ ಮಾವ,

ಮೊದಲು ಉಣ್ಣಿ. ಮಾತ್ರೆ ನುಂಗಿದ್ದಾರೆ.

ನಿನ್ನೆಯ ವಿಮಾನದಲ್ಲಿ ಅಪ್ಪ ಬರಲಿಲ್ಲ ಅಂತ ನೀವು ಇನ್ನಷ್ಟು ಹೆದರಿರಬೇಕು. "ಚೆನ್ನಾಗಿದ್ದಾರೆ" ಅಂತ ಒಂದು ಚೀಟಿ ಬರೆದು ಪೈಲಟ್ ಕೈಗೆ ಕೊಡಲು ಹೊರಟಾಗ ವಿಮಾನ ಹೋಗಿಯೇ ಬಿಟ್ಟಿತ್ತು. ಹಾಗಾಗಿ ಈಗ ಎಲ್ಲವನ್ನೂ ಬರೆಯುತ್ತೇನೆ.

ನಾನು ಘಾಂಜಿಯಲ್ಲಿ ಇರಲಿಲ್ಲ. ಆ ಕೆಲಸ ಜೂನಿನಲ್ಲೇ ಮುಗಿದಿತ್ತು. ಏರ್‌ಪೋರ್ಟಿನ ಎದುರು ಮರದ ಕೆಳಗೆ ನನ್ನ ಪಿಕಪ್ ಗಾಡಿಯಲ್ಲಿ ಕೂತಿದ್ದೆ. ನೀವೆಲ್ಲ ಹೊರಬಂದದ್ದು ನೋಡಿದೆ. ಅಪ್ಪ ತೆಳ್ಳಗಾಗಿದ್ದಾರೆ. ದೂರದಿಂದ ನೋಡಿ ಹೋಗಿಬಿಡುವುದು ಅಂದುಕೊಂಡಿದ್ದೆ. ವಿಮಾನ ಏರಿತು, ಅಪ್ಪ ಬೇಲಿಯ ಪಕ್ಕ ಉಳಿದರು, ಯಾಕೆ ಅಂತ ನನಗೆ ಅರ್ಥವಾಗಲಿಲ್ಲ. ಅಷ್ಟರಲ್ಲಿ ಕೌಂಟರಿನ ಹುಡುಗಿಯ ಫೋನ್ ಬಂತು.

ನಾನು ಹತ್ತಿರ ಹೋದಾಗ ಅವರು ಕೇಳಿದ ಮೊದಲ ಮಾತು, "ಇಷ್ಟು ಬೇಗ ಹೇಗೆ ಬಂದೆ?"

"ಇಲ್ಲೇ ಇದ್ದೆ."

ಅವರು ಮರದ ಕೆಳಗಿನ ಗಾಡಿ ನೋಡಿದರು, ನನ್ನನ್ನು ನೋಡಿದರು. ಗಾಡಿ ಹತ್ತುವಾಗ ಬಲಗಾಲು ಮೊದಲಿಟ್ಟರು.

ಮನೆಗೆ ಕರೆದುಕೊಂಡು ಹೋಗುವ ದಾರಿಯಲ್ಲೇ ಒಂದು ದನದ ಹಟ್ಟಿಯಿಂದ ಕರೆ ಬಂತು. ಹಸು ಬೆಳಗಿನಿಂದ ಈಯಲಾಗದೆ ಒದ್ದಾಡುತ್ತಿದೆ ಅಂತ. "ಅಪ್ಪ, ನಿಮ್ಮನ್ನ ಮನೇಲಿ ಬಿಟ್ಟು ಹೋಗ್ತೀನಿ" ಅಂದೆ. "ಹಸು ಕಾಯುತ್ತಾ?" ಅಂದರು. ನೇರ ಹೋದೆವು.

ಕರುವಿನ ತಲೆ ಹಿಂದಕ್ಕೆ ತಿರುಚಿಕೊಂಡಿತ್ತು. ನಾನು ನೆಲದಲ್ಲಿ ಮಲಗಿ, ಭುಜದವರೆಗೂ ಕೈ ಒಳಗೆ ಹಾಕಿ ತಡಕಾಡುತ್ತಿದ್ದೆ. ಅಪ್ಪ ಹಸುವಿನ ಕೊರಳ ಹಗ್ಗ ಹಿಡಿದು ನಿಂತಿದ್ದರು. ಆಮೇಲೆ, ನಿಮಗೆ ಗೊತ್ತಲ್ಲ, ಪರೀಕ್ಷೆಯ ದಿನದ ಆ ಗಂಟಲು:

"ಏನು ಸಿಕ್ತು?"

"ಕಿವಿ."

"ಕಿವಿ ಸಿಕ್ಕರೆ ಕಣ್ಣಿನ ಗುಳಿ ಎಲ್ಲಿ?"

"ಅದರ ಮುಂದೆ, ಕೆಳಗೆ. ಸಿಕ್ತು."

"ಕೆಳದವಡೆ?"

"ತಾಳಿ ಅಪ್ಪ, ಅವಳು ತಿಣುಕ್ತಾ ಇದ್ದಾಳೆ. ನನ್ನ ಕೈ ಮುರಿಯುತ್ತೆ."

ಅವರು ಹಸುವಿನ ಕಿವಿಯ ಹತ್ತಿರ ಬಗ್ಗಿ ಕನ್ನಡದಲ್ಲಿ, "ಸ್ವಲ್ಪ ತಡಿಯಮ್ಮ, ನನ್ನ ಮಗಳಿಗೆ ಜಾಗ ಕೊಡು" ಅಂದರು. ಹಟ್ಟಿಯವರು ಯಾವುದೋ ಮಂತ್ರ ಅಂದುಕೊಂಡು ಕೈಮುಗಿದರು.

ಕರು ಬದುಕಿತು. ಹೆಣ್ಣು. ನಾನು ಬಕೆಟ್ಟಿನಲ್ಲಿ ಕೈ ತೊಳೆಯುತ್ತಿದ್ದಾಗ ಅಪ್ಪ ಪಕ್ಕದಲ್ಲಿ ಸೋಪು ಹಿಡಿದು ನಿಂತಿದ್ದರು. "ನಾನು ಇದನ್ನೆಲ್ಲ ಚಿತ್ರ ತೋರಿಸಿ, ಸತ್ತ ದೇಹ ತೋರಿಸಿ ಹೇಳಿಕೊಟ್ಟೆ. ನೀನು ಕಣ್ಣಿಗೆ ಕಾಣದೇನೆ ಜೀವ ಹೊರಗೆ ತರ್ತೀಯ" ಅಂದರು. ಇನ್ನೂ ಸ್ವಲ್ಪ ಹೊತ್ತಿಗೆ, "ಅವತ್ತು ಊಟದ ದಿನ ನಾನು ಹಾಗೆ ಅನ್ನಬಾರದಿತ್ತು" ಅಂದರು. ಸೋಪು ಜಾರಿ ಬಕೆಟ್ಟಿಗೆ ಬಿತ್ತು, ಇಬ್ಬರೂ ಹುಡುಕಿದೆವು.

ಮಾವ, ಇನ್ನೊಂದು ಮಾತು. ಯಾಕೆ ನೀವೇ ಉಳಿದಿರಿ ಅಂತ ದಾರಿಯಲ್ಲಿ ಅಪ್ಪನನ್ನು ಕೇಳಿದೆ. ಅವರು ಅಂದರು: "ದಾಮೋದರ ಬೆಲ್ಟು ಹಾಕಿಕೊಂಡ ಅವಸರ ನೋಡಿಯೇ ತಿಳೀತು, ಅವನಿಗೆ ನಾನು ಉಳಿಯೋದು ಬೇಕಾಗಿತ್ತು. ನನಗೂ ಉಳೀಬೇಕಾಗಿತ್ತು. ಅವನು ಹತ್ತದಿದ್ದರೂ ನಾನು ಇಳೀತಿದ್ದೆ." ನಿಮ್ಮ ಉಪಾಯದ ಹೆಮ್ಮೆಗೆ ಸ್ವಲ್ಪ ಪೆಟ್ಟು, ಕ್ಷಮಿಸಿ.

ನಿನ್ನೆ ಬೆಳಿಗ್ಗೆ ವಿಮಾನಕ್ಕೆ ಬಿಡಲು ಹೋದೆ. ಅಪ್ಪ ಗಾಡಿಯಿಂದ ಇಳಿಯಲೇ ಇಲ್ಲ. "ಇವತ್ತು ಯಾವ ಕಡೆ?" ಅಂದರು. ಉತ್ತರದ ಹಳ್ಳಿಗಳು ಅಂದೆ. ಟೊಪ್ಪಿ ಕಿವಿಯವರೆಗೂ ಎಳೆದುಕೊಂಡರು.

ಅಮ್ಮನಿಗೆ ಫೋನ್ ಮಾಡಿದೆವು. "ಅಪ್ಪ ಇನ್ನೂ ಸ್ವಲ್ಪ ದಿನ ಇಲ್ಲೇ ಇರ್ತಾರಂತೆ" ಅಂದೆ. "ಇರಲಿ ಇರಲಿ, ನನಗೂ ಮನೆ ದೊಡ್ಡದಾಗಿ ಕಾಣ್ತಾ ಇದೆ" ಅಂದರು ಅಮ್ಮ. ಆಮೇಲೆ, "ಅವರಿಗೆ ಕೊಡು ಫೋನು" ಅಂದರು. ಈ ಸಲ ಅಪ್ಪ ಬಚ್ಚಲಿನಲ್ಲಿರಲಿಲ್ಲ.

ನಿಮ್ಮ
ನವ್ಯಾ


ಬ್ರಿಕ್‌ಫೀಲ್ಡ್ಸ್
೨೭ ಜುಲೈ ೨೦೨೫

ನವ್ಯಾ ಮಗಳಿಗೆ,

ಬಂದು ತಲುಪಿದೆವು. ಸಿಂಹ ಕಂಡೆವು, ಚಿರತೆಯ ಬಾಲ ಕಂಡೆವು, ನೀರುಕುದುರೆ ಆಕಳಿಸಿದ್ದನ್ನು ತಿಮ್ಮಯ್ಯ ಇನ್ನೂ ಮಾಡಿ ತೋರಿಸುತ್ತಿದ್ದಾನೆ. ಚಳಿಯ ವಿಷಯದಲ್ಲಿ ನೀನು ಹೇಳಿದ್ದೇ ಸರಿ, ಭೂಗೋಳದ ಮೇಷ್ಟ್ರು ತಪ್ಪು. ಮೊದಲ ದಿನ ಬೆಳಿಗ್ಗೆ ನಿನ್ನ ಅತ್ತೆಯ ಶಾಲು ಕಿತ್ತುಕೊಂಡು ಹೊದ್ದೆ. ಒಂದು ಸಿಂಹಿಣಿ ನನ್ನನ್ನೇ ದಿಟ್ಟಿಸಿ ನೋಡಿತು, ನಾನೂ ದಿಟ್ಟಿಸಿದೆ. ಕೊನೆಗೆ ಯಾರು ಕಣ್ಣು ತಿರುಗಿಸಿದ್ದು ಅಂತ ಬೇರೆಯವರನ್ನು ಕೇಳಬೇಡ.

ಉಪಾಯದ ವಿಷಯ. ಭಾವ ತಾವೇ ಇಳಿಯುತ್ತಿದ್ದರು ಅಂತ ಬರೆದೆಯಲ್ಲ. ಅದನ್ನು ನಾನು ಇವರಿಗೆ ಓದಿ ಹೇಳಲಿಲ್ಲ. ಬ್ರಿಕ್‌ಫೀಲ್ಡ್ಸ್‌ನಲ್ಲಿ ಈಗ ಎಲ್ಲರಿಗೂ ಗೊತ್ತಿರುವುದು ದಾಮೋದರನ ಉಪಾಯ. ಹಾಗೆಯೇ ಇರಲಿ. ನಿನ್ನ ಅಮ್ಮನಿಗೆ ಮಾತ್ರ ನಿಜ ಹೇಳಿದೆ. ಅವಳು ಕಣ್ಣೊರೆಸಿಕೊಂಡು ನಕ್ಕು, "ಅವರು ಹೊರಡೋ ಮುಂಚೆ ತಿಂಗಳಿಂದ ನನ್ನ ಹತ್ರ ಒಂದೇ ಕೇಳ್ತಿದ್ದರು, ಆ ಊರಲ್ಲಿ ಒಂದು ದಿನ ಹೆಚ್ಚು ನಿಲ್ಲೋದಾದ್ರೆ ದಾಮೋದರ ಏನಂದಾನು ಅಂತ" ಅಂದಳು. ನಾನು ಏನನ್ನಲಿ? ಅವರು ನನ್ನನ್ನೇ ಕೇಳಿದ್ದರೆ ಇಷ್ಟೆಲ್ಲ ತಲೆ ಓಡಿಸುವ ಕೆಲಸವೇ ಇರಲಿಲ್ಲ. ನಿಮ್ಮ ಮನೆಯವರಿಗೆ ಬಾಯಿ ಬಿಟ್ಟು ಕೇಳುವುದು ಬರುವುದಿಲ್ಲ, ಅದೊಂದು ನಿಮ್ಮ ಮನೆತನದ ಕಾಯಿಲೆ. ಅದಕ್ಕೆ ದನಗಳ ಲಸಿಕೆಯಲ್ಲಿ ಏನಾದರೂ ಉಂಟೋ ನೋಡು.

ಬರುವಾಗ ಜೊಹಾನ್ಸ್‌ಬರ್ಗಿನಿಂದ ನನ್ನ ಪಕ್ಕದ ಕಿಟಕಿ ಸೀಟು ಭಾವನದು. ಟಿಕೆಟ್ಟು ಮುಂದೆ ಹಾಕಿಸಿದ್ದರಿಂದ ಆ ಸೀಟು ಖಾಲಿ. ಯಾರಾದರೂ ಬಂದು ಕೂರುತ್ತಾರೇನೋ ಅಂತ ನಾನು ಅದರ ಮೇಲೆ ನನ್ನ ಟೊಪ್ಪಿ ಇಟ್ಟಿದ್ದೆ. ಊಟ ಕೊಡುತ್ತಾ ಬಂದ ಹುಡುಗಿ ಬಾಗಿ, "ಇಲ್ಲಿಯವರು ಎಲ್ಲಿ ಸರ್?" ಅಂತ ಕೇಳಿದಳು. ಸಾಮಾನ್ಯವಾಗಿ ನಾನು ಇಂಥ ಪ್ರಶ್ನೆಗೆ ಉದ್ದ ಉತ್ತರ ಕೊಡುವವನು. ತಮನ್ ನೆಗಾರದಿಂದಲೇ ಶುರು ಮಾಡುವವನು. ಆದರೆ ಈ ಸಲ ಆ ಟೊಪ್ಪಿಯನ್ನಷ್ಟೇ ಸರಿಮಾಡಿಟ್ಟೆ ಮಗಳೇ.

"ಅವರು ಮಗಳ ಮನೆಯಲ್ಲಿದ್ದಾರೆ" ಅಂದೆ.

ದಾಮು ಮಾವ